ಎದುರುಗಾಳಿಯ ಕೊಳವೆಯಿಂದ ಕಾರಿಗೆ ಬಲ ಬರುವುದೇ?

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಮಣ್ಣು, ಸುಣ್ಣ, ಗೊಬ್ಬರಗಳ ಕುರಿತು ಮಾತನಾಡುವವನು ಇಂದು ಕಾರಿನ ಇಂಜಿನ್ನಿನ ವಿಷಯ ಹಿಡಿದು ನಿಂತಿರುವುದು ನಿಮಗೆ ವಿಚಿತ್ರವೆನಿಸಬಹುದು. ಇದಕ್ಕೊಂದು ಕಾರಣವಿದೆ. ಕಳೆದ ಬೇಸಿಗೆಯಲ್ಲಿ ನಮ್ಮೂರಿನ ತರುಣನೊಬ್ಬ ತನ್ನ ಹಳೆಯ ಪೆಟ್ರೋಲ್ ಕಾರಿಗೆ ‘ರ‍್ಯಾಮ್ ಏರ್ ಇಂಟೇಕ್’ ಎಂಬ ಸಾಧನವನ್ನು ಕೂಡಿಸಬೇಕೆಂದು ಹೊರಟು ನನ್ನ ಸಲಹೆ ಕೇಳಿದ. ಅವನದು ಶೋಕಿಯಲ್ಲ. ರಾತ್ರಿ ಯಾರಿಗಾದರೂ ಹೆರಿಗೆ ನೋವು ಬಂದರೆ, ಯಾರಿಗಾದರೂ ಹಾವು ಕಚ್ಚಿದರೆ, ನಮ್ಮ ಕೇರಿಗೆ ಅವನ ಕಾರೇ ಆಂಬ್ಯುಲೆನ್ಸ್. ಐದು ಜನ ಕುಳಿತರೆ ಏರಿನಲ್ಲಿ ಅದು ಏದುಸಿರು ಬಿಡುತ್ತದೆ. ಆ ಸಾಧನದ ಬೆಲೆಯೋ, ಅವನ ಒಂದು ತಿಂಗಳ ದುಡಿಮೆ.

ಆ ಸಾಧನದ ಹಿಂದಿರುವ ತತ್ತ್ವ ಸುಳ್ಳಲ್ಲ. ಒಂದು ಕಿಲೋ ಪೆಟ್ರೋಲು ಪೂರ್ಣವಾಗಿ ಉರಿಯಲು ಸುಮಾರು 15 ಕಿಲೋ ಗಾಳಿ ಬೇಕು. ಇಂಜಿನ್ನಿಗೆ ಹೆಚ್ಚು ಗಾಳಿ ಹೊಕ್ಕರೆ ಹೆಚ್ಚು ಇಂಧನ ಉರಿಸಬಹುದು, ಹೆಚ್ಚು ಶಕ್ತಿ ಪಡೆಯಬಹುದು. ಓಡುವ ಕಾರಿನ ಮುಂಭಾಗದಲ್ಲಿ ಬಾಯಿ ತೆರೆದ ಕೊಳವೆಯನ್ನಿಟ್ಟರೆ ಎದುರುಗಾಳಿ ಅದರೊಳಕ್ಕೆ ಒತ್ತಿ ತುಂಬಿಕೊಳ್ಳುತ್ತದೆ ಎಂಬುದೂ ನಿಜ. ಪ್ರಶ್ನೆ ಇರುವುದು ‘ಎಷ್ಟು’ ಎಂಬಲ್ಲಿ. ಮಾರುವವರು ಈ ‘ಎಷ್ಟು’ ಎಂಬುದನ್ನು ಸಾಮಾನ್ಯವಾಗಿ ಹೇಳುವುದಿಲ್ಲ.

ಅದನ್ನು ನಾವೇ ಅಳೆಯಬಹುದು. ಗದ್ದೆಯ ಮಟ್ಟ ನೋಡಲು ಬಳಸುವ ಪಾರದರ್ಶಕ ಪೈಪು ನಿಮ್ಮೆಲ್ಲರ ಮನೆಯಲ್ಲಿದೆ. ಅದನ್ನು ‘ಯು’ ಆಕಾರದಲ್ಲಿ ಬಾಗಿಸಿ, ಸ್ವಲ್ಪ ನೀರು ತುಂಬಿ, ಜೀಪಿನಲ್ಲಿ ಕುಳಿತು ಒಂದು ತುದಿಯನ್ನು ಹೊರಗೆ ಎದುರುಗಾಳಿಗೆ ಹಿಡಿಯಿರಿ. ಇನ್ನೊಂದು ತುದಿ ಗಾಳಿಯ ಮರೆಯಲ್ಲಿರಲಿ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಎರಡು ಬದಿಯ ನೀರಿನ ಮಟ್ಟಗಳ ನಡುವೆ ಸುಮಾರು 17 ಮಿ.ಮೀ. ವ್ಯತ್ಯಾಸ ಕಾಣುತ್ತದೆ. ಅಷ್ಟೇ. ನಮ್ಮ ಸುತ್ತಲಿನ ವಾಯುಮಂಡಲದ ಒತ್ತಡವೇ ಹತ್ತು ಮೀಟರು ಎತ್ತರದ ನೀರಿನ ಕಂಬಕ್ಕೆ ಸಮವೆಂದು ನೆನೆದರೆ, ಈ 17 ಮಿ.ಮೀ. ಎಂಬುದು ಶೇಕಡ 0.16ರಷ್ಟು. ಘಾಟಿಯ ಏರಿನಲ್ಲಿ 40 ಕಿ.ಮೀ. ವೇಗದಲ್ಲಿ ಅದು ಶೇಕಡ 0.07ಕ್ಕೆ ಇಳಿಯುತ್ತದೆ. ಒತ್ತಡವು ವೇಗದ ವರ್ಗಕ್ಕೆ ಅನುಗುಣವಾಗಿರುವುದರಿಂದ, ಶಕ್ತಿ ಎಲ್ಲಿ ಬೇಕೋ ಅಲ್ಲಿಯೇ, ಅಂದರೆ ನಿಧಾನವಾಗಿ ಹತ್ತುವಾಗಲೇ, ಈ ಕೊಳವೆ ಕೈಕೊಡುತ್ತದೆ.

ಇನ್ನೊಂದು ರೀತಿಯಲ್ಲಿ ನೋಡಿ. ಬೆಟ್ಟ ಹತ್ತಿದಂತೆ ಗಾಳಿ ತೆಳುವಾಗುತ್ತದೆ. ಮಂಗಳೂರಿನ ಕಡಲತೀರದಿಂದ ಮಡಿಕೇರಿಗೆ ಬಂದರೆ ಗಾಳಿಯ ಒತ್ತಡ ಶೇಕಡ 12–13ರಷ್ಟು ಕಡಿಮೆಯಾಗಿರುತ್ತದೆ. ಟರ್ಬೊ ಇಲ್ಲದ ಇಂಜಿನ್ನಿನ ಬಲ ಶೇಕಡ 10ರ ಆಸುಪಾಸಿನಲ್ಲಿ ಕುಗ್ಗುತ್ತದೆ. ಇದಕ್ಕೆ ಹೋಲಿಸಿದರೆ 60 ಕಿ.ಮೀ. ವೇಗದಲ್ಲಿ ಎದುರುಗಾಳಿಯ ಕೊಳವೆ ಕೊಡುವ ಲಾಭವು, ಕಾರನ್ನು ಒಂದು ಅಡಿಕೆ ಮರದ ಎತ್ತರದಷ್ಟು, ಸುಮಾರು 15 ಮೀಟರು, ಕೆಳಗಿಳಿಸಿದಾಗ ತಾನಾಗಿಯೇ ದೊರೆಯುವ ಲಾಭಕ್ಕೆ ಸಮ.

ಹಾಗಾದರೆ ಇದು ಎಲ್ಲಿಯೂ ಉಪಯೋಗಕ್ಕಿಲ್ಲವೇ? ಇದೆ. 1990ರಲ್ಲಿ ಕವಾಸಾಕಿ ಕಂಪನಿಯು ಝಡ್‌ಎಕ್ಸ್-11 ಎಂಬ ಬೈಕಿಗೆ ಈ ವ್ಯವಸ್ಥೆಯನ್ನು ಅಳವಡಿಸಿತು. ಗಂಟೆಗೆ 270 ಕಿ.ಮೀ. ವೇಗದಲ್ಲಿ ಒತ್ತಡದ ಲಾಭ ಶೇಕಡ 3ನ್ನು ದಾಟುತ್ತದೆ. ಅಲ್ಲಿಯೂ ಕೊಳವೆಯಿಂದ ಇಂಜಿನ್ನಿನವರೆಗೆ ಎಲ್ಲಿಯೂ ಗಾಳಿ ಸೋರದಂತೆ ಮುಚ್ಚಿರಬೇಕು. ನಮ್ಮ ಘಾಟಿಯಲ್ಲಿ ಆ ವೇಗದಲ್ಲಿ ಹೋಗುವವನಿಗೆ ಬೇಕಾದದ್ದು ಕೊಳವೆಯಲ್ಲ, ಬುದ್ಧಿ.

ಗಾಳಿಯ ತಂಪಿನ ವಿಚಾರ ಮಾತ್ರ ಗಣನೀಯವಾದುದು. ಒಳಹೋಗುವ ಗಾಳಿ ಹತ್ತು ಡಿಗ್ರಿ ತಂಪಾದರೆ ಅದರ ಸಾಂದ್ರತೆ ಶೇಕಡ 3ರಷ್ಟು ಏರುತ್ತದೆ. ಆದರೆ ಈಗಿನ ಬಹುತೇಕ ಕಾರುಗಳಲ್ಲಿ ತಯಾರಕರೇ ಬಾನೆಟ್ಟಿನ ಬಿಸಿಯ ಹೊರಗಿನಿಂದ ಗಾಳಿ ಸೇದುವಂತೆ ಏರ್ಪಾಡು ಮಾಡಿರುತ್ತಾರೆ. ಹೊರಗಿನಿಂದ ತಂದು ಕೂಡಿಸುವ ಎಷ್ಟೋ ಸಾಧನಗಳು ಆ ಪೆಟ್ಟಿಗೆಯನ್ನು ಕಿತ್ತು, ಶಂಕುವಿನಾಕಾರದ ಫಿಲ್ಟರನ್ನು ಬಿಸಿ ಇಂಜಿನ್ನಿನ ಪಕ್ಕದಲ್ಲಿಯೇ ಬತ್ತಲಾಗಿ ಕೂರಿಸುತ್ತವೆ. ಆಗ ದೊರೆಯುವುದು ನಷ್ಟ. ಆದರೂ ಹಾಕಿಸಿಕೊಂಡವರು ‘ಗಾಡಿ ಎಳೀತದೆ’ ಎನ್ನುತ್ತಾರೆ. ಕಿತ್ತುಹಾಕಿದ ಪೆಟ್ಟಿಗೆಯು ಗಾಳಿ ಸೇದುವ ಸದ್ದನ್ನೂ ಅಡಗಿಸುತ್ತಿತ್ತು. ಅದು ಹೋದೊಡನೆ ಇಂಜಿನ್ನು ಗುಡುಗುತ್ತದೆ. ನಾವು ಸದ್ದನ್ನು ಶಕ್ತಿಯೆಂದು ಭ್ರಮಿಸುತ್ತೇವೆ.

ನಮ್ಮ ಮಲೆನಾಡಿನಲ್ಲಿ ಇದಕ್ಕಿಂತ ದೊಡ್ಡ ಅಪಾಯ ನೀರಿನದು. ಕೊಳವೆಯ ಬಾಯಿ ಕೆಳಗಿದ್ದರೆ, ಆಷಾಢದಲ್ಲಿ ಮೋರಿ ತುಂಬಿ ರಸ್ತೆಯ ಮೇಲೆ ಹರಿಯುವ ನೀರನ್ನು ದಾಟುವಾಗ ಇಂಜಿನ್ನು ನೀರನ್ನೇ ಸೇದಿಕೊಳ್ಳುತ್ತದೆ. ಗಾಳಿಯನ್ನು ಹಿಂಡಬಹುದು, ನೀರನ್ನು ಹಿಂಡಲಾಗದು. ಪಿಸ್ಟನ್ ಮೇಲೇರಲಾರದೆ ಕನೆಕ್ಟಿಂಗ್ ರಾಡು ಬಾಗುತ್ತದೆ. ಬೇಸಿಗೆಯಲ್ಲಿ ಕೆಮ್ಮಣ್ಣಿನ ಧೂಳು. ಫಿಲ್ಟರಿನ ಜಾಲರಿ ಸಡಿಲವಾಗಿದ್ದರೆ ಅದು ಸಿಲಿಂಡರನ್ನೂ ಪಿಸ್ಟನ್ ರಿಂಗನ್ನೂ ಮರಳುಕಾಗದದಂತೆ ಉಜ್ಜುತ್ತದೆ.

ಡೀಸೆಲ್ ಜೀಪಿನವರು ಕೇಳಬಹುದು. ಡೀಸೆಲ್ ಇಂಜಿನ್ನು ಬೇಕಾದುದಕ್ಕಿಂತ ಹೆಚ್ಚು ಗಾಳಿಯನ್ನು ಮೊದಲೇ ಸೇದುತ್ತಿರುತ್ತದೆ. ಅದರ ಬಲವನ್ನು ನಿರ್ಧರಿಸುವುದು ಒಳಬಿಡುವ ಡೀಸೆಲಿನ ಪ್ರಮಾಣ. ಮೈಲೇಜಿನ ಮಾತೂ ಅಷ್ಟೇ: ಪೆಟ್ರೋಲ್ ಕಾರಿನಲ್ಲಿ ಅರ್ಧ ಆಕ್ಸಿಲರೇಟರ್ ಒತ್ತಿ ಓಡಿಸುವಾಗ ಗಾಳಿಯನ್ನು ಥ್ರಾಟಲ್ ತಾನೇ ತಡೆದು ಅಳೆದು ಬಿಡುತ್ತಿರುತ್ತದೆ. ಅಲ್ಲಿ ಹೊರಗಿನ ಕೊಳವೆಯಿಂದ ಆಗುವ ಉಳಿತಾಯವೇನು? ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯವು 2009ರಲ್ಲಿ ಪ್ರಕಟಿಸಿದ ಅಧ್ಯಯನವು, ಹೊಸ ಬಗೆಯ ಇಂಜೆಕ್ಷನ್ ಕಾರುಗಳಲ್ಲಿ ಕಟ್ಟಿಕೊಂಡ ಫಿಲ್ಟರನ್ನು ಬದಲಿಸಿದರೂ ಮೈಲೇಜು ಹೆಚ್ಚದೆಂದೂ, ವೇಗ ಹಿಡಿಯುವ ಶಕ್ತಿ ಮಾತ್ರ ಸುಧಾರಿಸುವುದೆಂದೂ ತೋರಿಸಿತು.

ಇಲ್ಲಿ ನನ್ನ ಕಸುಬಿನ ಒಂದು ಮಾತು. 19ನೆಯ ಶತಮಾನದ ಜರ್ಮನ್ ರಸಾಯನವಿಜ್ಞಾನಿ ಲೀಬಿಗ್‌ನ ಹೆಸರಿನಲ್ಲಿ ಪ್ರಸಿದ್ಧವಾದ ನಿಯಮವೊಂದಿದೆ: ಬೆಳೆಯ ಪ್ರಮಾಣವನ್ನು ನಿರ್ಧರಿಸುವುದು ಅತ್ಯಂತ ಕೊರತೆಯಲ್ಲಿರುವ ಪೋಷಕಾಂಶ. ಹುಳಿಮಣ್ಣಿಗೆ ಸುಣ್ಣ ಬೇಕಾದಾಗ ಯೂರಿಯಾ ಸುರಿದರೆ ಫಲವಿಲ್ಲ. ಆದ್ದರಿಂದ ನಾನು ಆ ತರುಣನಿಗೆ, ‘ಮೊದಲು ಕೊರತೆ ಎಲ್ಲಿದೆಯೆಂದು ನೋಡೋಣ ಮಾರಾಯ’ ಎಂದೆ. ಫಿಲ್ಟರನ್ನು ತೆಗೆದು ನೋಡಿದರೆ ಅದು ಕೆಂಪು ಇಟ್ಟಿಗೆಯಂತಾಗಿತ್ತು. ಟ್ರ್ಯಾಕ್ಟರುಗಳ ಫಿಲ್ಟರ್ ಕಟ್ಟಿಕೊಂಡಾಗ ಸೂಚಕವು ಕೆಂಪು ತೋರುವುದು ಸುಮಾರು 5ರಿಂದ 6 ಸಾವಿರ ಪಾಸ್ಕಲ್ ತಡೆಯಲ್ಲಿ. ಎದುರುಗಾಳಿ ಕೊಡುವುದು 170ಕ್ಕೂ ಕಡಿಮೆ. ಮೂವತ್ತು ಪಾಲು ಕಳೆದುಕೊಂಡು ಒಂದು ಪಾಲು ಗಳಿಸಹೊರಟಂತೆ! ಜೊತೆಗೆ ಮೆಕ್ಯಾನಿಕ್ ಪರೀಕ್ಷಿಸಿದಾಗ ಕ್ಲಚ್ ಜಾರುತ್ತಿತ್ತು, ಹಿಂದಿನ ಒಂದು ಬ್ರೇಕು ಹಿಡಿದುಕೊಂಡಿತ್ತು. ಇಂಜಿನ್ನು ಕೊಡುತ್ತಿದ್ದ ಬಲವೇ ಚಕ್ರವನ್ನು ತಲುಪುತ್ತಿರಲಿಲ್ಲ.

ಮೂರನ್ನೂ ಸರಿಪಡಿಸಲು ತಗುಲಿದ್ದು ಆ ಸಾಧನದ ಬೆಲೆಗಿಂತ ಸ್ವಲ್ಪ ಕಡಿಮೆ. ಶ್ರಾವಣದ ಒಂದು ನಡುರಾತ್ರಿ ಅದೇ ಕಾರು ತುಂಬುಗರ್ಭಿಣಿಯೊಬ್ಬಳನ್ನು ಹೊತ್ತು, ಎಲ್ಲಿಯೂ ನಿಲ್ಲದೆ ಏರು ಹತ್ತಿತು. ನೀರು ತುಂಬಿದ ಆ ಪೈಪನ್ನು ಇಂದು ಇಲ್ಲಿಗೆ ತಂದಿದ್ದೇನೆ. ಭಾಷಣ ಮುಗಿದ ಮೇಲೆ ವಿದ್ಯಾರ್ಥಿಗಳು ಜೀಪಿನ ಬಳಿಗೆ ಬನ್ನಿ. ಕೆಳಗಿನ ಸಮತಟ್ಟು ರಸ್ತೆಯಲ್ಲಿ ಹೋಗಿ ಅಳೆದು ನೋಡೋಣ. ಸ್ಕೇಲು ಯಾರ ಬಳಿಯಿದೆ?