ತೆರಿಗೆ ಹೆಚ್ಚು, ಶಾಲೆ ಬಡ

1968ರ ಮೇ ತಿಂಗಳು. ಅಮೆರಿಕದ ಸ್ಯಾನ್ ಆಂಟೋನಿಯೊ ನಗರದ ಎಜ್‌ವುಡ್ ಪ್ರೌಢಶಾಲೆಯ ಮಕ್ಕಳು ತರಗತಿ ಬಿಟ್ಟು ಬೀದಿಗಿಳಿದರು. ಶಿಥಿಲ ಕಟ್ಟಡ, ಅರ್ಹತೆಯಿಲ್ಲದ ಶಿಕ್ಷಕರು ಅಂತ ಅವರ ದೂರು. ಹೆಚ್ಚಿನವರು ಮೆಕ್ಸಿಕನ್ ಮೂಲದವರು.

ಅಲ್ಲಿ ಶಾಲೆಯ ಹಣದ ದೊಡ್ಡ ಪಾಲು ಬರುವುದು ಆಯಾ ಪ್ರದೇಶದ ಆಸ್ತಿ ತೆರಿಗೆಯಿಂದ. ಬಿಳಿಯರೇ ಹೆಚ್ಚಿದ್ದ ಸಿರಿವಂತ ಪ್ರದೇಶವಾದ ಅಲಾಮೊ ಹೈಟ್ಸ್‌ಗಿಂತ ಎಜ್‌ವುಡ್‌ನ ತೆರಿಗೆ ದರವೇ ಹೆಚ್ಚಿತ್ತು. ಆದರೂ ಆ ತೆರಿಗೆಯಿಂದ ಮಗುವೊಂದಕ್ಕೆ ದಕ್ಕಿದ್ದು 26 ಡಾಲರ್. ಅಲಾಮೊ ಹೈಟ್ಸ್‌ನಲ್ಲಿ 333! ಮನೆಗೇ ಬೆಲೆಯಿಲ್ಲದಿದ್ದರೆ ತೆರಿಗೆ ಎಲ್ಲಿಂದ ಹುಟ್ಟೀತು? ಆ ಬೆಲೆಯೂ ತಾನಾಗಿ ಕುಸಿದದ್ದಲ್ಲ. 1930ರ ದಶಕದ ಸರ್ಕಾರಿ ನಕ್ಷೆಗಳು ಕರಿಯರು, ಮೆಕ್ಸಿಕನ್ನರು ವಾಸಿಸುವ ಬಡಾವಣೆಗಳಿಗೆ ಕೆಂಪು ಬಳಿದು, ಸಾಲಕ್ಕೆ ಅಪಾಯಕಾರಿ ಎಂದು ಗುರುತಿಸಿದ್ದವು.

ಈ ತೆರಿಗೆ ವ್ಯವಸ್ಥೆಯ ವಿರುದ್ಧ ಪೋಷಕರು ಕೋರ್ಟಿಗೆ ಹೋದರು. 1973ರಲ್ಲಿ ಸುಪ್ರೀಂ ಕೋರ್ಟ್, 5-4ರ ಬಹುಮತದಲ್ಲಿ, ಶಿಕ್ಷಣ ಸಂವಿಧಾನ ಕೊಟ್ಟ ಮೂಲಭೂತ ಹಕ್ಕಲ್ಲ ಎಂದಿತು. ಮಕ್ಕಳಿಗೆ ಬಗೆದ ದೊಡ್ಡ ಅನ್ಯಾಯ ಇದು. ಆ ತೀರ್ಪು ಇಂದಿಗೂ ರದ್ದಾಗಿಲ್ಲ.