ಕೊಟ್ಟದ್ದು ಯಾರದು?



1975ರ ಮಾರ್ಚ್ 5ರಂದು ಕ್ಯಾಲಿಫೋರ್ನಿಯಾದ ಮೆನ್ಲೋ ಪಾರ್ಕಿನಲ್ಲಿ, ಗಾರ್ಡನ್ ಫ್ರೆಂಚ್ ಎಂಬವರ ಗ್ಯಾರೇಜಿನಲ್ಲಿ, ಸುಮಾರು ಮೂವತ್ತು ಮಂದಿ ಹವ್ಯಾಸಿಗಳು ಕೂಡಿದರು. ಹೋಮ್‌ಬ್ರೂ ಕಂಪ್ಯೂಟರ್ ಕ್ಲಬ್ ಹುಟ್ಟಿದ್ದು ಹಾಗೆ. ಅವರ ಕುತೂಹಲಕ್ಕೆ ವಸ್ತುವಾದ ಆಲ್ಟೇರ್ 8800 ಯಂತ್ರಕ್ಕೆ ಕೀಲಿಮಣೆಯಿಲ್ಲ, ಪರದೆಯಿಲ್ಲ. ಮುಂಬದಿಯ ಸ್ವಿಚ್ಚುಗಳನ್ನು ಮೇಲೆ ಕೆಳಗೆ ಮಾಡಿಯೇ ಆಜ್ಞೆ ಕೊಡಬೇಕು!

ತಿಳಿದದ್ದನ್ನು ಹಂಚಿಕೊಳ್ಳುವುದೇ ಅಲ್ಲಿಯ ರೂಢಿ. ಆಪಲ್‌ನ ಮೊದಲ ಯಂತ್ರದ ಸರ್ಕ್ಯೂಟ್ ನಕ್ಷೆಯನ್ನು ಸ್ಟೀವ್ ವೋಜ್ನಿಯಾಕ್ ಆ ಕೂಟದಲ್ಲಿ ಉಚಿತವಾಗಿ ಹಂಚಿದರು. ಅದೇ ಉತ್ಸಾಹದಲ್ಲಿ, ಬಿಲ್ ಗೇಟ್ಸ್ ಮತ್ತು ಸಂಗಡಿಗರು ಬರೆದ ಬೇಸಿಕ್ ತಂತ್ರಾಂಶದ ಟೇಪಿಗೂ ಪ್ರತಿಗಳಾದವು. 1976ರ ಫೆಬ್ರವರಿಯ ಬಹಿರಂಗ ಪತ್ರದಲ್ಲಿ ಗೇಟ್ಸ್ ಇದನ್ನು ಕಳ್ಳತನವೆಂದೇ ಕರೆದರು. ಅವರ ಸಿಟ್ಟು ಅನ್ಯಾಯದ್ದೆಂದು ನಾನು ಹೇಳಲಾರೆ. ವೋಜ್ನಿಯಾಕ್ ಕೊಟ್ಟದ್ದು ಸ್ವಂತದ್ದನ್ನು.

ಮುಂಬಯಿಯಲ್ಲಿ ದುಡಿದ ನಮ್ಮ ಕೆ. ಪಿ. ರಾವ್ ಅವರು ‘ಸೇಡಿಯಾಪು’ ಕನ್ನಡ ತಂತ್ರಾಂಶವನ್ನು ಬೆಲೆಯಿಲ್ಲದೆ ಕೊಟ್ಟದ್ದೂ ಹಾಗೆಯೇ. ಅದು ಅವರದೇ ದುಡಿಮೆಯಾಗಿತ್ತು.