ಎರೆಭೂಮಿಯ ತೊಗರಿ ಘಟ್ಟದವರಿಗೆ ಹೇಳುವ ಮಾತು

(ಘಟ್ಟದ ಕೃಷಿಕರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಅಡಕೆ ತೋಟದವರ ಮುಂದೆ ಬಯಲುಸೀಮೆಯ ತೊಗರಿಯ ಮಾತೇಕೆ ಎಂದು ತಮಗೆ ಅನ್ನಿಸಬಹುದು. ಒಂದೇ ಬೆಳೆಯನ್ನು ನಂಬಿದ ನೆಲದಲ್ಲಿ ರೋಗ ಹೇಗೆ ಬೇರೂರುತ್ತದೆ ಎಂಬುದನ್ನು ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳು ಕಣ್ಣಿಗೆ ಕಟ್ಟುವಂತೆ ತೋರಿಸಿವೆ.

ಈ ಸೀಮೆ ತೊಗರಿಯ ಕಣಜ. ಇಲ್ಲಿನ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆಯೂ ದೊರೆಯಿತು. ಆದರೆ 2022-23ರ ಹಂಗಾಮಿನಲ್ಲಿ ನೆಟೆ ರೋಗ ವ್ಯಾಪಕವಾಗಿ ಹಬ್ಬಿ, ಕಾಯಿ ಬಲಿಯುವ ಮೊದಲೇ ಗಿಡಗಳು ನಿಂತಲ್ಲೇ ಒಣಗಿದವು. ಸರ್ಕಾರ ಹೆಕ್ಟೇರಿಗೆ 10,000 ರೂಪಾಯಿ ಪರಿಹಾರ ಘೋಷಿಸಬೇಕಾಯಿತು.

ಈ ರೋಗ ಹೊಸದಲ್ಲ. ಇದಕ್ಕೆ ಕಾರಣವಾದ ಫ್ಯುಸೇರಿಯಂ ಉಡಮ್ ಶಿಲೀಂಧ್ರವನ್ನು ಬಟ್ಲರ್ ಎಂಬ ವಿಜ್ಞಾನಿ 1910ರಲ್ಲೇ ವರ್ಣಿಸಿದ್ದರು. ಅದು ಮಣ್ಣಿನಲ್ಲಿ, ಹಳೆಯ ಕೂಳೆಯಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ. ಬೇರಿನ ಮೂಲಕ ಒಳಹೊಕ್ಕು ನೀರು ಏರುವ ನಾಳಗಳನ್ನು ಕಟ್ಟಿಬಿಡುತ್ತದೆ. ವರ್ಷ ವರ್ಷವೂ ತೊಗರಿಯನ್ನೇ ಬಿತ್ತಿದರೆ ಅದಕ್ಕೆ ನಾವೇ ಉಣಬಡಿಸಿದಂತೆ.

ಹಿರಿಯರು ಜೋಳದ ಸಾಲುಗಳ ನಡುವೆ ತೊಗರಿ ಬಿತ್ತುತ್ತಿದ್ದರು. ಮೂರು ನಾಲ್ಕು ತಿಂಗಳಿಗೆ ಜೋಳ ಕೊಯ್ಲಾದ ಮೇಲೆ, ಆವರೆಗೆ ಮೆಲ್ಲನೆ ಬೆಳೆದಿದ್ದ ತೊಗರಿ ತೆರವಾದ ಜಾಗಕ್ಕೆ ಹರಡುತ್ತಿತ್ತು. ಹೀಗೆ ಎರಡು ಬೆಳೆಗಳ ಒಟ್ಟು ಇಳುವರಿ ಅಷ್ಟೇ ನೆಲದ ಒಂಟಿ ಬೆಳೆಯನ್ನು ಮೀರುತ್ತಿತ್ತು. ಜೋಳದ ಜೊತೆಗಿದ್ದ ತೊಗರಿಗೆ ನೆಟೆ ರೋಗ ಕಡಿಮೆ ಎಂಬುದನ್ನು ಇಕ್ರಿಸ್ಯಾಟ್‌ನ ಪ್ರಯೋಗಗಳೂ ಕಂಡುಕೊಂಡಿವೆ. ಹೆಸರು, ಉದ್ದುಗಳೂ ಒಳ್ಳೆಯ ಅಂತರ ಬೆಳೆಗಳೇ. ಆದರೆ ಜೋಳ ಕೊಡುವಷ್ಟು ರಕ್ಷಣೆಯನ್ನು ಅವುಗಳಿಂದ ನಿರೀಕ್ಷಿಸಲಾಗದು.

ಇನ್ನು ಗೊಬ್ಬರ. ತೊಗರಿಯ ಬೇರಿನ ಗಂಟುಗಳಲ್ಲಿರುವ ರೈಜೋಬಿಯಂ ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತದೆ. ಆದ್ದರಿಂದಲೇ ಮಳೆಯಾಶ್ರಿತ ತೊಗರಿಗೆ ಶಿಫಾರಸು ಹೆಕ್ಟೇರಿಗೆ 25 ಕಿಲೋ ಸಾರಜನಕ, 50 ಕಿಲೋ ರಂಜಕ ಮಾತ್ರ. ಎಕರೆಗೆ ಲೆಕ್ಕ ಹಾಕಿದರೆ ಸಾರಜನಕ ಸುಮಾರು 10 ಕಿಲೋ. 50 ಕಿಲೋ ಡಿಎಪಿ ಚೀಲದಲ್ಲಿಯೇ 9 ಕಿಲೋ ಇದೆ. ಅದರ ಮೇಲೆ 45 ಕಿಲೋದ ಯೂರಿಯಾ ಚೀಲವೊಂದನ್ನು ಸುರಿದರೆ ಇನ್ನೂ 20 ಕಿಲೋ ಸೇರಿ ಅಗತ್ಯದ ಮೂರು ಪಟ್ಟಾಗುತ್ತದೆ. ಆಗ ಗಂಟುಗಳು ಕೆಲಸ ಬಿಡುತ್ತವೆ, ಗಿಡ ಸೊಪ್ಪಿಗೆ ತಿರುಗುತ್ತದೆ. ಮಿಶ್ರಬೆಳೆಯಿದ್ದಲ್ಲಿ ಯೂರಿಯಾ ಜೋಳದ ಸಾಲಿಗೆ ಮಾತ್ರ ಸಲ್ಲಬೇಕು.

ತಳಿಯೊಂದೇ ಪರಿಹಾರವೂ ಅಲ್ಲ. 1986ರಲ್ಲಿ ಬಿಡುಗಡೆಯಾದ ‘ಮಾರುತಿ’ ನೆಟೆ ರೋಗವನ್ನು ತಡೆಯಿತು. ಆದರೆ ನುಸಿಯಿಂದ ಹರಡುವ ಗೊಡ್ಡು ರೋಗಕ್ಕೆ ಮಣಿಯಿತು.

ಹಾಗಾದರೆ ರೈತರು ಜೋಳವನ್ನು ಬಿಟ್ಟದ್ದೇಕೆ? ಮುಂಗಾರು ಜೋಳದ ತೆನೆಗೆ ಮಳೆಯಲ್ಲಿ ಬೂಷ್ಟು, ಹಕ್ಕಿಗಳ ಕಾಟ, ಕೂಲಿಯಾಳುಗಳ ಅಭಾವ, ತೊಗರಿಗಿರುವ ಬೆಲೆ. ಅವರನ್ನು ದೂರಿ ಫಲವಿಲ್ಲ. ಜೋಳಕ್ಕೂ ನ್ಯಾಯವಾದ ಬೆಲೆ, ಖಚಿತವಾದ ಖರೀದಿ ದೊರೆಯದೆ ಸಾಲುಗಳು ಮರಳಿ ಬಾರವು.

ನಮ್ಮ ಹಿರಿಯರೂ ಅಡಕೆಯೊಡನೆ ಮೆಣಸು, ಏಲಕ್ಕಿ, ಬಾಳೆ ಬೆಳೆದರು. ಇಂದು ಗದ್ದೆಗಳೂ ಅಡಕೆಯಾಗುತ್ತಿವೆ. ಭೀಮಾ ತೀರದ ಒಣಗಿದ ಹೊಲ ನಮ್ಮ ನೆನಪಿನಲ್ಲಿರಲಿ.